ಸತ್ಯಾಂಶ: ಹಿಮಾಲಯದಿಂದ ಬಂದವರು ರಕ್ತ ತೆಗೆಸಬೇಕೇ?

ಚಿಕ್ಕಬಳ್ಳಾಪುರದ ಚಾರಣಿಗರ ವಾಟ್ಸಾಪ್ ಗುಂಪುಗಳಲ್ಲಿ ಓಡಾಡುತ್ತಿರುವ ಸಂದೇಶ ಹೀಗಿದೆ: ‘ದೊಡ್ಡ ಪರ್ವತ ಹತ್ತಿ ಬಂದ ಮೇಲೆ ಸುಸ್ತಾದರೆ ರಕ್ತ ಗಟ್ಟಿಯಾಗಿದೆ ಎಂದರ್ಥ. ರಕ್ತ ತೆಗೆಸಿ, ಆಸ್ಪಿರಿನ್ ನುಂಗಿ, ಇಲ್ಲದಿದ್ದರೆ ಹೃದಯಾಘಾತ.’

ಇದರಲ್ಲಿ ನಿಜವೂ ಸ್ವಲ್ಪ ಇದೆ, ಅದಕ್ಕೇ ಜನ ನಂಬುತ್ತಾರೆ. 5,364 ಮೀಟರ್ ಎತ್ತರದ ಎವರೆಸ್ಟ್ ಬೇಸ್ ಕ್ಯಾಂಪಿನಲ್ಲಿ ಗಾಳಿಯ ಒತ್ತಡ ಸಮುದ್ರಮಟ್ಟದ ಸುಮಾರು ಅರ್ಧ. (ನಮ್ಮ ನಂದಿಬೆಟ್ಟ 1,478 ಮೀಟರ್, ಅಲ್ಲಿ ಈ ಚಿಂತೆಯೇ ಇಲ್ಲ.) ಆಮ್ಲಜನಕ ಕಡಿಮೆಯಾದಾಗ ಮೂತ್ರಪಿಂಡಗಳು ಎರಿಥ್ರೊಪೊಯೆಟಿನ್ ಹಾರ್ಮೋನನ್ನು ಹೆಚ್ಚು ಬಿಡುತ್ತವೆ, ಮೂಳೆಯೊಳಗಿನ ಅಸ್ಥಿಮಜ್ಜೆ ಹೆಚ್ಚು ಕೆಂಪು ರಕ್ತಕಣಗಳನ್ನು ಮಾಡುತ್ತದೆ, ರಕ್ತ ತುಸು ಗಟ್ಟಿಯಾಗುತ್ತದೆ. ಕೆಳಗಿಳಿದ ಮೇಲೆ ಆ ಹಾರ್ಮೋನ್ ತಗ್ಗುತ್ತದೆ. ಕೆಲವು ವಾರಗಳಲ್ಲಿ ಕಣಗಳ ಪ್ರಮಾಣ ತಾನಾಗಿಯೇ ಮೊದಲಿನಂತಾಗುತ್ತದೆ, ಸೂಜಿ ಬೇಕಿಲ್ಲ.

ಸುಸ್ತಿಗೆ ಬೇರೆ ಕಾರಣಗಳೇ ಹೆಚ್ಚು. ಎತ್ತರದಲ್ಲಿ ಹಸಿವು ಸಾಯುತ್ತದೆ, ನಿದ್ದೆ ಒಡೆಯುತ್ತದೆ, ತೂಕದ ಜೊತೆ ಸ್ನಾಯುವೂ ಕರಗುತ್ತದೆ. ಅವಕ್ಕೆ ಬೇಕಾದದ್ದು ಹೊಟ್ಟೆತುಂಬ ಊಟ, ಮುದ್ದೆ-ಬಸ್ಸಾರು, ಮೊಟ್ಟೆ, ರಾತ್ರಿಯ ನಿದ್ದೆ. ಮನಸ್ಸೂ ಮಂಕಾಗಬಹುದು: ತಿಂಗಳುಗಟ್ಟಲೆ ಒಂದೇ ಗುರಿಗೆ ಬದುಕಿದವರಿಗೆ ಆಫೀಸಿನ ಬೆಳಗು ಬರಿದಾಗಿ ಕಾಣುವುದು ಸಹಜ. ಮನೆಯವರು ಅದನ್ನು ಸೋಮಾರಿತನ ಎನ್ನದಿರಲಿ. ವಾರಗಳಾದರೂ ಆ ಮಂಕು ಬಿಡದಿದ್ದರೆ ವೈದ್ಯರ ಬಳಿ ಮಾತಾಡಿ.

ಆಸ್ಪಿರಿನ್ ವಿಷಯಕ್ಕೆ ನಾನು ಕಟುವಾಗಿಯೇ ಹೇಳುತ್ತೇನೆ: ಸ್ವಂತ ನಿರ್ಧಾರದಿಂದ ಬೇಡ. ಹೊಟ್ಟೆಯಲ್ಲಿ ರಕ್ತಸ್ರಾವವಾಗಬಹುದು, ಡೆಂಗಿ ಜ್ವರವಿದ್ದರಂತೂ ಅಪಾಯ ಹೆಚ್ಚು. ಆದರೆ ಒಂದೇ ಕಾಲು ಊದಿ ನೋಯುವುದು, ಎದೆನೋವು, ಹಠಾತ್ ಉಸಿರಾಟದ ತೊಂದರೆ ಕಂಡರೆ ರಕ್ತ ಹೆಪ್ಪುಗಟ್ಟಿರಬಹುದು; ಮನೆಯಲ್ಲಿ ಕಾಯದೆ ಅಂದೇ ಆಸ್ಪತ್ರೆಗೆ ಹೋಗಿ, ಪರ್ವತದಿಂದ ಬಂದದ್ದನ್ನೂ ಹೇಳಿ.