ಪ್ಲಾಸ್ಟಿಕ್ ಅಲ್ಲ ಸಾರ್, ಬಟ್ಟೆ!

ಕಳೆದ ಭಾನುವಾರ ನಾನು ಮಾಡಿದ ಅಪರಾಧ ಇಷ್ಟೇ. ದಿನಸಿ ಅಂಗಡಿಗೆ ಕೈಬೀಸಿಕೊಂಡು ಹೋಗಿದ್ದೆ. ಸಾಮಾನು ಕಟ್ಟಿಸಿದ ಮೇಲೆ ‘ಒಂದು ಕವರ್ ಕೊಡಿ’ ಅಂದೆ. ಅಂಗಡಿಯವರು ನಾನೇನೋ ಗಾಂಜಾ ಕೇಳಿದೆ ಅನ್ನೋ ಹಾಗೆ ನೋಡಿದರು. ‘ಕವರ್ ಬ್ಯಾನ್ ಆಗಿದೆ ಸಾರ್. ಬಟ್ಟೆ ಬ್ಯಾಗ್ ಇದೆ, ಹತ್ತು ರೂಪಾಯಿ.’

ಹತ್ತು ರೂಪಾಯಿಗೆ ಭೂಮಿ ಉಳಿಯುತ್ತೆ ಅಂದರೆ ಯಾರಾದರೂ ಚೌಕಾಸಿ ಮಾಡುತ್ತಾರಾ? ಗಿಳಿಹಸಿರು ಚೀಲ. ಮೇಲೊಂದು ಮರದ ಚಿತ್ರ. ಮರದ ಕೆಳಗೆ ‘ಪ್ಲಾಸ್ಟಿಕ್ ತ್ಯಜಿಸಿ, ಪರಿಸರ ಉಳಿಸಿ’. ಒಳಗೆ ಸಕ್ಕರೆ, ತೊಗರಿಬೇಳೆ, ಅವಲಕ್ಕಿ, ಎಣ್ಣೆ, ಬಿಸ್ಕತ್ತು. ಪ್ರತಿಯೊಂದಕ್ಕೂ ಅದರದೇ ಪ್ಲಾಸ್ಟಿಕ್ ಅಂಗಿ. ಅಷ್ಟನ್ನೂ ಹೊಟ್ಟೆಯಲ್ಲಿಟ್ಟುಕೊಂಡು ಚೀಲ ರಸ್ತೆಯುದ್ದಕ್ಕೂ ಪ್ಲಾಸ್ಟಿಕ್ ವಿರುದ್ಧ ಪ್ರಚಾರ ಮಾಡುತ್ತಾ ಬಂತು. ಮನೆಯ ಮೆಟ್ಟಿಲು ಹತ್ತುವಾಗ ಒಂದು ಹಿಡಿ ಕಿತ್ತು ಕೈಗೆ ಬಂತು. ತೊಗರಿಬೇಳೆ ಒಂದೊಂದೇ ಮೆಟ್ಟಿಲು ಇಳಿದು ವಾಪಸ್ ಹೋಯಿತು.

ಕಿತ್ತ ಹಿಡಿಯನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದೆ. ಹೊಲಿಗೆ ಇಲ್ಲ. ಬಿಸಿಯಲ್ಲಿ ಒತ್ತಿ ಅಂಟಿಸಿದ್ದಾರೆ. ಬಟ್ಟೆ ಅಂದರೆ ಹಾಸು ಇರಬೇಕು, ಹೊಕ್ಕು ಇರಬೇಕು. ಇದರಲ್ಲಿ ಎರಡೂ ಇಲ್ಲ, ಬರೀ ಸಾಲು ಸಾಲು ಚುಕ್ಕಿ. ಅನುಮಾನ ಬಂದು ಒಲೆಯ ಮೇಲೆ ಹಿಡಿದೆ. ಹತ್ತಿ ಬಟ್ಟೆಯಾದರೆ ಉರಿದು ಬೂದಿಯಾಗಬೇಕು. ಇದು ಮೊದಲು ಮುದುಡಿತು, ಆಮೇಲೆ ಕರಗಿತು, ಕಡೆಗೆ ಕುದಿಯುವ ಪಾಕದಂತೆ ತೊಟ್ಟು ತೊಟ್ಟಾಗಿ ಅಡುಗೆಕಟ್ಟೆಯ ಮೇಲೆ ಬಿತ್ತು. ‘ಮನೆ ಸುಡೋದೊಂದು ಬಾಕಿ ಇತ್ತು’ ಅಂತ ಹೆಂಡತಿ ಬಂದಳು. ಅಷ್ಟರಲ್ಲಿ ಪರಿಸರ ಸ್ನೇಹಿ ತೊಟ್ಟು ಗ್ರಾನೈಟಿಗೆ ಸ್ನೇಹದಿಂದ ಅಂಟಿಕೊಂಡಿತ್ತು. ಚಾಕುವಿನಿಂದ ಕೆರೆದರೂ ಗುರುತು ಹೋಗಿಲ್ಲ.

ಅದರ ನಿಜವಾದ ಹೆಸರು ಪಾಲಿಪ್ರೊಪಿಲೀನ್. ಪ್ಲಾಸ್ಟಿಕ್ ಕುರ್ಚಿ ಮಾಡೋದೂ ಇದರಲ್ಲೇ. ಅಂದರೆ ನಾವು ‘ಬಟ್ಟೆ ಬ್ಯಾಗ್’ ಅಂತ ಎದೆಯುಬ್ಬಿಸಿ ಹಿಡಿದುಕೊಂಡು ಹೋಗುವುದು ಕಲ್ಯಾಣ ಮಂಟಪದ ಕುರ್ಚಿಯ ತಂಗಿಯನ್ನು. ನಾಲ್ಕು ತಿಂಗಳು ಬಿಸಿಲಿಗೆ ಬಿಟ್ಟು ನೋಡಿ, ಮುಟ್ಟಿದರೆ ಹಪ್ಪಳದಂತೆ ಪುಡಿಯಾಗುತ್ತದೆ. ಆ ಪುಡಿ ಎಲ್ಲಿಗೆ ಹೋಗುತ್ತೆ ಅಂತ ಕೇಳಬೇಡಿ. ಮಣ್ಣಿಗೆ, ಕೆರೆಗೆ, ಮೀನಿನ ಹೊಟ್ಟೆಗೆ.

ಆದರೆ ಸರ್ಕಾರವನ್ನು ಮೆಚ್ಚಲೇಬೇಕು. ಕರ್ನಾಟಕ ಕೇಂದ್ರಕ್ಕಿಂತ ಮುಂದೆ. 2016ರ ಮಾರ್ಚ್‌ನಲ್ಲೇ ದಪ್ಪ ತೆಳು ಅಂತ ನೋಡದೆ ಪ್ಲಾಸ್ಟಿಕ್ ಕೈಚೀಲ, ಲೋಟ, ತಟ್ಟೆ, ಚಮಚ, ಫ್ಲೆಕ್ಸ್ ಎಲ್ಲವನ್ನೂ ನಿಷೇಧಿಸಿದ ರಾಜ್ಯ ನಮ್ಮದು. ಫ್ಲೆಕ್ಸ್ ನಿಷೇಧವಾಗಿರುವುದು ನಿಮಗೆ ಗೊತ್ತಿರಲಿಲ್ಲ ಅಲ್ವಾ? ಅಣ್ಣನ ಹುಟ್ಟುಹಬ್ಬದ ಫ್ಲೆಕ್ಸ್ ಅಡ್ಡ ಇತ್ತು, ಆದೇಶ ಕಾಣಿಸಿರಲಿಕ್ಕಿಲ್ಲ. ಆಮೇಲೆ 2022ರ ಜುಲೈ 1ರಿಂದ ಕೇಂದ್ರವೂ ಸ್ಟ್ರಾ, ಲೋಟ, ಕಿವಿಕಡ್ಡಿ, ಬಲೂನಿನ ಕಡ್ಡಿ ನಿಷೇಧಿಸಿತು.

ಚೀಲದ ವಿಷಯಕ್ಕೆ ಬಂದರೆ ಕೇಂದ್ರದ ಲೆಕ್ಕವೇ ಬೇರೆ. ಅದು ಮೈಕ್ರಾನ್ ಲೆಕ್ಕ. 2011ರಲ್ಲಿ 40 ಮೈಕ್ರಾನ್ ಇದ್ದರೆ ಸಾಕು ಅಂದರು. ಆಮೇಲೆ 50. ಆಮೇಲೆ 75. ಈಗ 120. ಮೈಕ್ರಾನ್ ಅಂದರೆ ಮಿಲಿಮೀಟರಿನ ಸಾವಿರದಲ್ಲೊಂದು ಪಾಲು. ನಮ್ಮ ತಲೆಗೂದಲೇ ಸುಮಾರು 70 ಮೈಕ್ರಾನ್ ಇರುತ್ತೆ. ಸೊಪ್ಪಿನ ಸಿಪ್ಪೆ ತುಂಬಿದ ಕವರ್ ಸಿಕ್ಕಿದಾಗ ಬೀದಿಯ ಹಸು ಪಾಪ ಅಳತೆ ಮಾಡಿಯೇ ತಿನ್ನಬೇಕಿತ್ತು. ಅಳೆಯುವುದಿಲ್ಲ. ಪಶುವೈದ್ಯರು ಹೊಟ್ಟೆ ಕೊಯ್ದು ಹತ್ತಾರು ಕಿಲೋ ಹೊರಗೆ ತೆಗೆದ ಫೋಟೊ ಪೇಪರಿನಲ್ಲಿ ಬರುತ್ತೆ. ನಾವು ‘ಅಯ್ಯೋ ಗೋಮಾತೆ’ ಅಂತ ಹೇಳಿ ಪುಟ ತಿರುವುತ್ತೇವೆ.

ಇಡ್ಲಿ ಕಥೆ ನೆನಪಿದೆ ತಾನೆ? 2025ರ ಫೆಬ್ರುವರಿಯಲ್ಲಿ ಆರೋಗ್ಯ ಇಲಾಖೆ ಹೋಟೆಲುಗಳ ಇಡ್ಲಿ ಪರೀಕ್ಷೆ ಮಾಡಿಸಿತ್ತು. ಕೆಲವು ಕಡೆ ತಟ್ಟೆಗೆ ಬಟ್ಟೆಯ ಬದಲು ಪ್ಲಾಸ್ಟಿಕ್ ಹಾಳೆ ಹಾಸಿ ಬೇಯಿಸುತ್ತಿದ್ದರು. ಬಟ್ಟೆ ಒಗೆಯೋರು ಯಾರು ಅನ್ನೋ ಕಷ್ಟ ಇರಬೇಕು. ನೋಡಿ ನಮ್ಮ ಸಾಧನೆ! ಬಟ್ಟೆ ಇರಬೇಕಾದ ಕಡೆ ಪ್ಲಾಸ್ಟಿಕ್ ಹಾಸಿದೆವು, ಪ್ಲಾಸ್ಟಿಕ್ ಚೀಲಕ್ಕೆ ಬಟ್ಟೆ ಅಂತ ಹೆಸರಿಟ್ಟೆವು. ಇಡ್ಲಿ ಮೇಲೆ ಕಾಗದದ ಲೋಟದಲ್ಲಿ ಕಾಫಿ. ಆ ಲೋಟದ ಒಳಗೂ ಪ್ಲಾಸ್ಟಿಕ್ ಪದರ ಇದೆ. ಅಂಥ ಲೋಟದಲ್ಲಿ 100 ಮಿಲಿ ಬಿಸಿ ಪಾನೀಯ ಕಾಲು ಗಂಟೆ ಇದ್ದರೆ ಸುಮಾರು 25,000 ಪ್ಲಾಸ್ಟಿಕ್ ಕಣ ಬಿಡುತ್ತೆ ಅಂತ ಖರಗ್‌ಪುರ ಐಐಟಿಯವರು 2020ರಲ್ಲಿ ಎಣಿಸಿ ಹೇಳಿದರು. ಸ್ಟ್ರಾಂಗ್ ಕಾಫಿ ಅಂದರೆ ಇದೇ.

ಪ್ಲಾಸ್ಟಿಕ್ ಅಂದರೆ ನನಗೆ ಅಮ್ಮನ ವೈರ್ ಬ್ಯಾಗೂ ನೆನಪಾಗುತ್ತೆ. ಹಸಿರು-ಬಿಳಿ ಪ್ಲಾಸ್ಟಿಕ್ ವೈರ್ ತಂದು, ಮಧ್ಯಾಹ್ನ ಪಕ್ಕದ ಮನೆಯವರ ಜೊತೆ ಜಗಲಿಯಲ್ಲಿ ಕೂತು, ಗಂಟು ಗಂಟಾಗಿ ಹೆಣೆದದ್ದು. ಒಂದು ಗಂಟು ತಪ್ಪಿದರೆ ಸಾಲು ಪೂರ್ತಿ ಬಿಚ್ಚುತ್ತಿದ್ದಳು. ಅದರಲ್ಲಿ ಸಂತೆಯ ತರಕಾರಿ ಬಂತು, ಆಸ್ಪತ್ರೆಗೆ ಊಟದ ಕ್ಯಾರಿಯರ್ ಹೋಯಿತು, ನನ್ನ ಹಾಸ್ಟೆಲ್ಲಿಗೆ ಚಕ್ಕುಲಿ ಡಬ್ಬಿ ಬಂತು. ಒಂದು ಸಲ ಬೆಕ್ಕೂ ಊರು ಬದಲಾಯಿಸಿತು. ಅಮ್ಮ ಹೋಗಿ ವರ್ಷಗಳಾದವು. ಬ್ಯಾಗು ಇನ್ನೂ ಊರಿನ ಮನೆಯ ಅಟ್ಟದ ಮೊಳೆಯಲ್ಲಿ ಹುಣಸೆಹಣ್ಣು ಹೊತ್ತು ನೇತಾಡುತ್ತಿದೆ. ಅದು ಅಪ್ಪಟ ಪ್ಲಾಸ್ಟಿಕ್. ಅದರ ಮೇಲೆ ಮರದ ಚಿತ್ರ ಇಲ್ಲ.

ಇರಲಿ. ನಿಷೇಧ ಜಾರಿಯಾಗುವುದನ್ನೂ ನಾನು ಕಣ್ಣಾರೆ ನೋಡಿದ್ದೇನೆ. ಯೂನಿಫಾರ್ಮ್ ಹಾಕಿದ ಮೂವರು ಜೀಪಿನಿಂದ ಇಳಿದರು. ಸೀದಾ ಹೂವಿನ ಅಜ್ಜಿಯ ಬುಟ್ಟಿಗೆ ಕೈ ಹಾಕಿ ಕವರಿನ ಕಟ್ಟು ಎತ್ತಿ ಹಿಡಿದರು. ಐನೂರು ರೂಪಾಯಿ ದಂಡ. ಒಂದು ಮೊಳ ಮಲ್ಲಿಗೆ ಮಾರಿದರೆ ಅಜ್ಜಿಗೆ ಎಷ್ಟು ಉಳಿಯುತ್ತೆ? ಪಕ್ಕದ ಬೀಡಾ ಅಂಗಡಿಯಲ್ಲಿ ಗುಟ್ಕಾ ಚೀಟಿಗಳು ಮಾವಿನ ತೋರಣದಂತೆ ತೂಗುತ್ತಿದ್ದವು. ಗುಟ್ಕಾ, ತಂಬಾಕನ್ನು ಪ್ಲಾಸ್ಟಿಕ್ ಚೀಟಿಯಲ್ಲಿ ಮಾರಬಾರದು ಅಂತ 2011ರಿಂದಲೇ ನಿಯಮ ಇದೆ. ಮೂವರಲ್ಲಿ ಒಬ್ಬರು ಅಲ್ಲೇ ಒಂದು ಚೀಟಿ ಹರಿದು ಬಾಯಿಗೆ ಸುರಿದುಕೊಂಡರು. ಖಾಲಿ ಚೀಟಿ ಮೋರಿಗೆ.

ನಗು ಬರಲಿಲ್ಲ. ಸಾಕಾಗಿ ಹೋಗಿದೆ. ಕವರ್ ಮಾಡುವ ಮೆಷೀನ್ ಓಡುತ್ತಲೇ ಇರುತ್ತೆ, ಅದಕ್ಕೆ ಕರೆಂಟ್ ಇದೆ, ಲೈಸೆನ್ಸ್ ಇದೆ, ಲಾರಿಯಲ್ಲಿ ಮಾಲು ಹಗಲೇ ಬರುತ್ತೆ. ಅಲ್ಲಿಗೆ ಜೀಪಿಗೆ ದಾರಿ ಗೊತ್ತಿಲ್ಲ. ನಾವು ಕವರಿಗೆ ಗಂಟು ಹಾಕಿ ಎಸೆದದ್ದನ್ನೆಲ್ಲ ವರ್ಷಗಟ್ಟಲೆ ಬೆಂಗಳೂರು ನಗರ ಊರಾಚೆಯ ಮಂಡೂರು ಹಳ್ಳಿಯವರ ಬಾಗಿಲಿಗೆ ಸುರಿಯಿತು. ಅವರು 2014ರಲ್ಲಿ ರಸ್ತೆಗೆ ಅಡ್ಡ ಕೂತ ಮೇಲೇ ಲಾರಿಗಳು ನಿಂತದ್ದು. ನಿಂತವು ಅಂದರೆ, ಇನ್ನೊಂದು ಊರಿನ ಕಡೆ ತಿರುಗಿದವು.

ಆವತ್ತು ಅಜ್ಜಿಯನ್ನು ಕೇಳಿದೆ, ಮೊದಲಿನ ಹಾಗೆ ಬಾಳೆ ಎಲೆಯಲ್ಲಿ ಕಟ್ಟಿ ಕೊಡಬಾರದಾ ಅಂತ. ‘ಎಲೇಲಿ ಕೊಟ್ರೆ ಬ್ಯಾಗು ಒದ್ದೆ ಆಯ್ತದೆ ಅಂತ ನಿಮ್ಮಂತೋರೇ ಬೈತೀರಲ್ಲಪ್ಪ’ ಅಂದಳು.

ಹಾಗಾಗಿ ನಿನ್ನೆ ಸಂಜೆ ಹಳೇ ಪ್ಯಾಂಟಿನಲ್ಲಿ ಹೊಲಿಸಿದ ಚೀಲ ಹಿಡಿದು ಅದೇ ದಿನಸಿ ಅಂಗಡಿಗೆ ಹೋದೆ. ಸಾಮಾನು ತುಂಬಿಸಿಕೊಂಡು ಹೊರಡುವಷ್ಟರಲ್ಲಿ ಮಳೆ ಶುರುವಾಯಿತು. ಅಂಗಡಿಯವರು ಗಲ್ಲಾಪೆಟ್ಟಿಗೆಯ ಕೆಳಗೆ ಬಗ್ಗಿ, ಆ ಕಡೆ ಈ ಕಡೆ ನೋಡಿ, ಒಂದು ದೊಡ್ಡ ಕರೀ ಕವರ್ ತೆಗೆದು ನನ್ನ ಚೀಲವನ್ನು ಅದರೊಳಗೆ ಇಳಿಸಿದರು. ‘ಒಳ್ಳೇ ಬಟ್ಟೆ ಬ್ಯಾಗು ಸಾರ್, ನೆನೆದು ಹಾಳಾಗುತ್ತೆ.’

ಥ್ಯಾಂಕ್ಸ್ ಹೇಳಿ ತಗೊಂಡು ಬಂದೆ.