ಬೇಗ ಒಪ್ಪಿಕೊಳ್ಳುವುದನ್ನೇ ಒಗ್ಗಟ್ಟು ಎಂದುಕೊಳ್ಳಬಾರದು

ನಮ್ಮ ಕಡೆ ಯಾವುದೇ ಸಂಘದ ಸಭೆ ತಕರಾರಿಲ್ಲದೆ ಬೇಗ ಮುಗಿದರೆ, ಆ ಸಂಘದಲ್ಲಿ ಒಳ್ಳೆಯ ಒಗ್ಗಟ್ಟಿದೆ ಎಂದು ಹೊಗಳುವ ರೂಢಿಯಿದೆ. ಧಾರವಾಡ, ಗದಗ ಜಿಲ್ಲೆಗಳ ರೈತ ಗುಂಪುಗಳು ಮತ್ತು ಸ್ವಸಹಾಯ ಸಂಘಗಳ ಪದಾಧಿಕಾರಿಗಳಿಗೆ ತರಬೇತಿ ಕೊಡುವ ಕೆಲಸ ಮಾಡುತ್ತ ಬಂದಂತೆ, ಈ ಹೊಗಳಿಕೆಯ ಬಗ್ಗೆ ನನಗೆ ಅನುಮಾನ ಹೆಚ್ಚುತ್ತಲೇ ಬಂದಿದೆ. ಆ ಅನುಮಾನವನ್ನು ಗಟ್ಟಿ ಮಾಡಿದ್ದು ನಾವು ತರಬೇತಿಯಲ್ಲಿ ಮಾಡಿಸುವ ಒಂದು ಚಟುವಟಿಕೆ.

ಅಮೆರಿಕದ ಮನೋವಿಜ್ಞಾನಿ ಜೇ ಹಾಲ್ ರೂಪಿಸಿದ ಈ ಚಟುವಟಿಕೆಯಲ್ಲಿ ನೀವು ಗಗನಯಾತ್ರಿಗಳು. ನಿಮ್ಮ ನೌಕೆ ಚಂದ್ರನ ಬೆಳಕಿರುವ ಭಾಗದಲ್ಲಿ ಕೆಟ್ಟು ಇಳಿದಿದೆ, ನೀವು ಸೇರಬೇಕಾದ ಮುಖ್ಯ ನೌಕೆ ಸುಮಾರು 320 ಕಿಲೋಮೀಟರ್ ದೂರದಲ್ಲಿದೆ, ಹಾಳಾಗದೆ ಉಳಿದಿರುವುದು 15 ವಸ್ತುಗಳು ಮಾತ್ರ. ಕಡ್ಡಿಪೆಟ್ಟಿಗೆ, ಆಹಾರ, ನೈಲಾನ್ ಹಗ್ಗ, ಪ್ಯಾರಾಚೂಟ್ ಬಟ್ಟೆ, ದಿಕ್ಸೂಚಿ, ಆಮ್ಲಜನಕದ ಸಿಲಿಂಡರುಗಳು, ನಕ್ಷತ್ರಗಳ ನಕ್ಷೆ, ನೀರು, ಹಾಲಿನ ಪುಡಿ, ಹೀಗೆ. ಇವುಗಳನ್ನು ಅಗತ್ಯದ ಕ್ರಮದಲ್ಲಿ ಮೊದಲು ಒಬ್ಬೊಬ್ಬರೇ ಬರೆಯಬೇಕು, ಆಮೇಲೆ ಗುಂಪಾಗಿ ಕೂತು ಒಂದೇ ಪಟ್ಟಿ ಮಾಡಬೇಕು. ನಾಸಾ ತಜ್ಞರ ಕ್ರಮಕ್ಕೂ ನಿಮ್ಮದಕ್ಕೂ ಇರುವ ಅಂತರಗಳನ್ನು ಕೂಡಿಸಿದರೆ ಅಂಕ ಸಿಗುತ್ತದೆ. ಅದು ಕಡಿಮೆ ಬಂದಷ್ಟೂ ಒಳ್ಳೆಯದು.

2023ರ ಆಗಸ್ಟ್ 23ರಂದು ಚಂದ್ರಯಾನ-3 ಇಳಿದದ್ದನ್ನು ಟಿವಿಯಲ್ಲಿ ನೋಡಿದ ಜನರಿಗೆ ಚಂದ್ರ ತೀರ ಅಪರಿಚಿತ ಜಾಗವೇನಲ್ಲ. ಆದರೂ ಧಾರವಾಡದಲ್ಲಿ ನಡೆದ ಒಂದು ತರಬೇತಿಯಲ್ಲಿ ನಾನು ಕಂಡದ್ದನ್ನು ಹೇಳಲೇಬೇಕು. ಒಂದು ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯರಾದವರು ಮೊದಲು ಮಾತಾಡಿದರು. ಕತ್ತಲು, ಚಳಿ, ಅಡುಗೆ ಎಲ್ಲದಕ್ಕೂ ಬೆಂಕಿ ಬೇಕು ಎನ್ನುವುದು ಅವರ ವಾದವಾಗಿತ್ತು, ಹಾಗಾಗಿ ಕಡ್ಡಿಪೆಟ್ಟಿಗೆ ಮೇಲಿನ ಸಾಲಿಗೆ ಹೋಯಿತು. ನವಲಗುಂದದ ಕಡೆಯ ಒಬ್ಬ ಹೆಣ್ಣುಮಗಳು ಮೆಲ್ಲಗೆ, “ಅಲ್ಲಿ ಗಾಳೀನ ಇಲ್ಲಂದ್ರ ಕಡ್ಡಿ ಹೆಂಗ ಹತ್ತೀತ್ರಿ?” ಎಂದರು. ಒಂದಿಬ್ಬರು ತಲೆ ಎತ್ತಿ ಅವರತ್ತ ನೋಡಿದರು. ಅಷ್ಟರಲ್ಲಿ ಇನ್ನೊಬ್ಬರು, “ಆತ್ ಬಿಡ್ರಿ, ಹಿರ್‍ಯಾರು ಹೇಳಿದಂಗ ಆಗ್ಲಿ, ಕೈ ಎತ್ರಿ” ಎಂದರು. ಕೈಗಳು ಎದ್ದವು. ಆ ಹೆಣ್ಣುಮಗಳ ಕೈಯೂ ಎದ್ದಿತು.

ತಜ್ಞರ ಪಟ್ಟಿಯಲ್ಲಿ ಆಮ್ಲಜನಕ ಮೊದಲನೆಯದು, ನೀರು ಎರಡನೆಯದು, ನಕ್ಷತ್ರಗಳ ನಕ್ಷೆ ಮೂರನೆಯದು. ಭೂಮಿಯಂತೆ ಇಡೀ ಗೋಳವನ್ನು ಆವರಿಸುವ ಕಾಂತಕ್ಷೇತ್ರ ಚಂದ್ರನಿಗೆ ಇಲ್ಲವಾದ್ದರಿಂದ ದಿಕ್ಸೂಚಿ 14ನೆಯದು. ಕಡ್ಡಿಪೆಟ್ಟಿಗೆ ಎಲ್ಲಕ್ಕಿಂತ ಕೊನೆಯದು. ಅಂಕ ಕೂಡಿಸಿದಾಗ, ಆ ಹೆಣ್ಣುಮಗಳು ಒಬ್ಬರೇ ಕೂತು ಬರೆದ ಪಟ್ಟಿ ಇಡೀ ಗುಂಪಿನ ಪಟ್ಟಿಗಿಂತ ಚೆನ್ನಾಗಿತ್ತು. ಸರಿಯಾದ ಉತ್ತರ ಗುಂಪಿನೊಳಗೇ ಇತ್ತು, ಅದನ್ನು ಬಾಯಿಬಿಟ್ಟು ಹೇಳಿಯೂ ಆಗಿತ್ತು, ಆದರೂ ಗುಂಪಿಗೆ ಅದು ದಕ್ಕಲಿಲ್ಲ.

ಇದು ನಮ್ಮವರಿಗಷ್ಟೇ ಅಂಟಿದ ದೋಷವೆಂದು ನಾನು ಹೇಳುತ್ತಿಲ್ಲ. ಗ್ಯಾರಲ್ಡ್ ಸ್ಟಾಸರ್ ಮತ್ತು ವಿಲಿಯಂ ಟೈಟಸ್ ಎಂಬ ಸಂಶೋಧಕರು 1985ರಲ್ಲಿಯೇ ಪ್ರಯೋಗ ಮಾಡಿ, ಗುಂಪುಗಳು ಎಲ್ಲರಿಗೂ ಮೊದಲೇ ತಿಳಿದಿರುವ ಸಂಗತಿಯನ್ನೇ ತಿರುಗಿ ಮುರುಗಿ ಮಾತಾಡುತ್ತವೆ, ಒಬ್ಬರಿಗೆ ಮಾತ್ರ ತಿಳಿದಿರುವ ಸಂಗತಿ ಚರ್ಚೆಯಲ್ಲಿ ಹಿಂದೆ ಬೀಳುತ್ತದೆ ಎಂದು ತೋರಿಸಿದ್ದಾರೆ. ಜೇ ಹಾಲ್ ಕೂಡ 1970ರ ತಮ್ಮ ಅಧ್ಯಯನದಲ್ಲಿ ಕೆಲವು ಗುಂಪುಗಳಿಗೆ ಸರಳವಾದ ಸೂಚನೆಗಳನ್ನು ಕೊಟ್ಟಿದ್ದರು: ಮತಕ್ಕೆ ಹಾಕಬೇಡಿ, ಜಗಳ ತಪ್ಪಿಸುವ ಸಲುವಾಗಿ ನಿಮ್ಮ ಅಭಿಪ್ರಾಯ ಬಿಡಬೇಡಿ, ತೀರ ಬೇಗ ಒಪ್ಪಿಗೆ ಬಂದರೆ ಅನುಮಾನಪಡಿ, ಭಿನ್ನಾಭಿಪ್ರಾಯ ಸಹಜವೆಂದು ತಿಳಿಯಿರಿ. ಈ ಸೂಚನೆ ಪಡೆದ ಗುಂಪುಗಳು ಉಳಿದವುಗಳಿಗಿಂತ ಒಳ್ಳೆಯ ನಿರ್ಧಾರಕ್ಕೆ ಬಂದವು. ಹೊಸ ಮಾಹಿತಿಯನ್ನೇನೂ ಅವರಿಗೆ ಕೊಟ್ಟಿರಲಿಲ್ಲ, ಮಾತಾಡುವ ರೀತಿಯಷ್ಟೇ ಬದಲಾಗಿತ್ತು ಎಂಬುದನ್ನು ಗಮನಿಸಬೇಕು.

ಮೊದಲೇ ಯೋಜನೆ ಹಾಕಿಕೊಳ್ಳುವ ವಿಷಯದಲ್ಲಿ ಈ ಗುಂಪುಗಳಲ್ಲಿ ನಾನು ಕಾಣುವ ಕೊರತೆ ಬೇರೆಯದು. ಬಹುತೇಕ ಗುಂಪುಗಳು ಹಾಳೆ ಕೈಗೆ ಬಂದ ಕೂಡಲೇ ಹಗ್ಗ ಮೇಲೋ, ಹಾಲಿನ ಪುಡಿ ಮೇಲೋ ಎಂದು ಶುರುಮಾಡುತ್ತವೆ. ನಾವು ಇಲ್ಲಿಯೇ ಕಾಯುತ್ತೇವೆಯೋ, 320 ಕಿಲೋಮೀಟರ್ ನಡೆಯುತ್ತೇವೆಯೋ, ನಡೆಯುವುದಾದರೆ ನಮ್ಮ ಜೀವಕ್ಕೆ ಮೊದಲು ಕುತ್ತು ಬರುವುದು ಯಾವುದರಿಂದ ಎಂಬ ಪ್ರಶ್ನೆಗಳನ್ನು ಯಾರೂ ಎತ್ತುವುದಿಲ್ಲ. ಆ ಪ್ರಶ್ನೆಗಳಿಗೆ ಮೊದಲು ಉತ್ತರ ಕಂಡುಕೊಂಡ ಗುಂಪಿಗೆ ಅರ್ಧ ಪಟ್ಟಿ ತಾನಾಗಿಯೇ ಸಿದ್ಧವಾಗುತ್ತದೆ.

ಚಂದ್ರನ ಮಾತು ನಮ್ಮ ಹೊಲಕ್ಕೆ ಏನು ಸಂಬಂಧ ಎಂದು ಕೇಳುವವರಿದ್ದಾರೆ. ನವಲಗುಂದ, ನರಗುಂದ, ರೋಣದ ಎರೆಹೊಲಗಳಲ್ಲಿ ಮುಂಗಾರಿ ಹೆಸರುಕಾಳಿನ ಬೆಳೆ ಒಕ್ಕಣೆಗೆ ಬರುವುದು ಮಳೆಯ ದಿನಗಳಲ್ಲಿಯೇ. ಒಂದು ಗುಂಪು ಎಲ್ಲರ ಹೆಸರಿನ ಬೆಳೆಯನ್ನೂ ಕೊಯ್ಲು ಯಂತ್ರದಿಂದಲೇ ತೆಗೆಸುವುದೆಂದು ಒಂದೇ ಸಭೆಯಲ್ಲಿ ತೀರ್ಮಾನಿಸಿ, ಬಾಡಿಗೆಗೆ ಮುಂಗಡವನ್ನೂ ಕೊಟ್ಟಿತ್ತು. ದೊಡ್ಡ ಮಳೆಯಾದರೆ ಎರೆಮಣ್ಣಿನೊಳಗೆ ಗಾಲಿ ಹೂತುಹೋಗಿ ಯಂತ್ರ ಹೊಲಕ್ಕೆ ಇಳಿಯುವುದೇ ಇಲ್ಲವೆಂದು ಅಲ್ಲಿ ಕೂತಿದ್ದ ಯಾವ ರೈತನಿಗೆ ತಿಳಿದಿರಲಿಲ್ಲ? ಆದರೆ ಮಳೆ ಹಿಡಿದರೆ ಆಳು ಎಲ್ಲಿಂದ, ಯಾರ ಹೊಲ ಮೊದಲು, ತೊಯ್ದ ಕಾಯಿ ಗಿಡದಲ್ಲೇ ಮೊಳಕೆಯೊಡೆಯುವ ಮೊದಲು ಬಿಡಿಸುವುದು ಹೇಗೆ ಎಂದು ಯಾರೂ ಕೇಳಲಿಲ್ಲ. ಕೇಳಿದವನು ಅಪಶಕುನ ನುಡಿದವನಾಗುತ್ತಾನೆ ಎಂಬ ಅಳುಕು ನಮ್ಮಲ್ಲಿ ಆಳವಾಗಿದೆ. ಮಳೆ ಹಿಡಿಯಿತು, ಹೆಸರು ಕೆಟ್ಟದ್ದರ ಜೊತೆಗೆ ಹೊಲ ತೆರವಾಗುವುದು ತಡವಾಗಿ, ಹಿಂಗಾರಿ ಬಿತ್ತನೆಯ ಹದವೂ ತಪ್ಪಿತು.

ಗದಗ ತಾಲೂಕಿನ ಕಣಗಿನಹಾಳದಲ್ಲಿ 1905ರಲ್ಲಿಯೇ ಸಿದ್ದನಗೌಡ ಸಣ್ಣರಾಮನಗೌಡ ಪಾಟೀಲರು ಕೃಷಿ ಸಹಕಾರ ಸಂಘ ಕಟ್ಟಿದ ನೆಲ ನಮ್ಮದು. ಕೂಡಿ ದುಡಿಯುವುದನ್ನು ನಮಗೆ ಯಾರೂ ಕಲಿಸಬೇಕಾಗಿಲ್ಲ. ಕೂಡಿ ವಿಚಾರ ಮಾಡುವಾಗ ಮಾತ್ರ ಹಿರಿಯರ ಮೇಲಿನ ಗೌರವ ಮತ್ತು ನೆರೆಯವರ ಮೇಲಿನ ದಾಕ್ಷಿಣ್ಯ ನಮ್ಮ ಬಾಯಿ ಕಟ್ಟುತ್ತವೆ. ಆ ಗೌರವವನ್ನು ಬಿಡಬೇಕೆಂದು ನಾನು ಹೇಳಲಾರೆ. ಹಿರಿಯರೇ ಕೊನೆಗೆ ಮಾತಾಡಿದರೆ ಸಾಕು. ಅವರ ಗೌರವಕ್ಕೆ ಏನೂ ಕುಂದಾಗುವುದಿಲ್ಲ, ಕಿರಿಯರ ಮಾತೂ ಉಳಿಯುತ್ತದೆ.

ಈಗ ನಾನು ಹೋದ ಕಡೆಯೆಲ್ಲ ಇಷ್ಟನ್ನು ಕೇಳಿಕೊಳ್ಳುತ್ತೇನೆ. ಚರ್ಚೆಗೆ ಮೊದಲು ಪ್ರತಿಯೊಬ್ಬರೂ ತಮ್ಮ ಅಭಿಪ್ರಾಯವನ್ನು ಚೀಟಿಯಲ್ಲಿ ಬರೆಯಲಿ, ಬರೆಯಲು ಬಾರದವರು ಪಕ್ಕದವರಿಗೆ ಹೇಳಿ ಬರೆಸಲಿ. ಮಾತು ಎಲ್ಲರಿಗಿಂತ ಕಿರಿಯರಿಂದ ಶುರುವಾಗಲಿ. ನಿರ್ಧಾರವಾದ ಮೇಲೆ, “ಈ ಯೋಜನೆ ಕೆಟ್ಟುಹೋಯಿತು ಎಂದುಕೊಳ್ಳಿ, ಯಾತಕ್ಕೆ ಕೆಟ್ಟಿತು?” ಎಂದು ಅಧ್ಯಕ್ಷರೇ ಕೇಳಲಿ. ಅಧ್ಯಕ್ಷರೇ ಕೇಳಿದಾಗ ಅಪಶಕುನದ ಅಳುಕು ಇರುವುದಿಲ್ಲ, ಉತ್ತರಗಳು ಬರುತ್ತವೆ. ಇದರಿಂದ ಸಭೆ ಉದ್ದವಾಗುತ್ತದೆ ಎಂಬ ದೂರು ನಿಜ, ದೂರದ ಊರಿಗೆ ಕೊನೆಯ ಬಸ್ಸು ಹಿಡಿಯಬೇಕಾದ ಹೆಣ್ಣುಮಕ್ಕಳಿಗೆ ಅದು ಸಣ್ಣ ತೊಂದರೆಯೂ ಅಲ್ಲ. ಆದ್ದರಿಂದ ಸಭೆಯನ್ನು ಸಂಜೆಯ ಬದಲು ಮುಂಜಾನೆ ಕರೆಯಿರಿ ಎಂದೂ ಸಂಘಗಳಿಗೆ ಹೇಳುತ್ತಿದ್ದೇನೆ.