ಸಾಬಕ್ಕಿ ಪಾಯಸ ಮುಟ್ಟದ ದೊಡ್ಡಜ್ಜ

ನನ್ನ ಕಾದಂಬರಿಯ ಮೂರನೆಯ ಅಧ್ಯಾಯದಲ್ಲಿ ಬೆಳಗಿನ ಆರೂವರೆಗೆ ಸೂರ್ಯ ಹುಟ್ಟುತ್ತಿದ್ದ. ಸಿಂಗಪುರದ ಸೆರಂಗೂನ್ ರಸ್ತೆ, 1943. ಎಳೆಬಿಸಿಲಿನಲ್ಲಿ ಪಡಿತರದ ಸಾಲಿಗೆ ನಿಂತ ಹೆಂಗಸು. ಬರೆದು ಬೀಗಿದ್ದೆ. ಆಮೇಲೆ ತಿಳಿಯಿತು, ಜಪಾನೀಯರು ಊರು ಹಿಡಿದ ಮೇಲೆ ಇಲ್ಲಿನ ಗಡಿಯಾರಗಳನ್ನು ಒಂದೂವರೆ ಗಂಟೆ ಮುಂದೆ ತಿರುಗಿಸಿ ಟೋಕಿಯೋ ಕಾಲಕ್ಕೆ ಹೊಂದಿಸಿದ್ದರು. ಆರೂವರೆ ಎಂದರೆ ಕಗ್ಗತ್ತಲು. ಬಿಸಿಲು ಕಾಣಲು ಎಂಟಾಗಬೇಕಿತ್ತು. ಹೆಂಗಸನ್ನು ಕತ್ತಲಲ್ಲಿ ನಿಲ್ಲಿಸಿದೆ, ಅಧ್ಯಾಯಕ್ಕೆ ಜೀವ ಬಂತು.

ಇಂಥ ತಪ್ಪು ಸಿಕ್ಕಿಬೀಳುವುದು ಸಿಂಗಪುರದಲ್ಲಿ ಸುಲಭ. ಇಲ್ಲಿನ ರಾಷ್ಟ್ರೀಯ ಪತ್ರಾಗಾರದ ಮೌಖಿಕ ಇತಿಹಾಸ ವಿಭಾಗ 1979ರಲ್ಲಿ ಹುಟ್ಟಿತು, 1981ರಿಂದ ಜಪಾನೀಯರ ಕಾಲದ ನೆನಪುಗಳನ್ನು ಧ್ವನಿಮುದ್ರಿಸತೊಡಗಿತು. ನನ್ನನ್ನು ಹಿಡಿದು ಕೂರಿಸುವುದು ಅಲ್ಲಿ ಕೇಳಿದ ಚಿಲ್ಲರೆ ಪ್ರಶ್ನೆಗಳು. ಏನು ತಿಂದಿರಿ, ಸೋಪಿಗೆ ಏನು ಮಾಡಿದಿರಿ, ಕಾವಲಿನವನಿಗೆ ಹೇಗೆ ಬಗ್ಗಿ ನಮಸ್ಕರಿಸಿದಿರಿ. ಉತ್ತರಗಳಲ್ಲಿ ಮತ್ತೆ ಮತ್ತೆ ಮರಗೆಣಸು ಬರುತ್ತದೆ. ಜಪಾನೀಯರು ಹೊರಡಿಸಿದ, ಬಾಳೆಗಿಡದ ಚಿತ್ರವಿದ್ದ ಹತ್ತು ಡಾಲರ್ ನೋಟು ಬರುಬರುತ್ತಾ ಬರಿ ಕಾಗದವಾದ ಹಾಗೆ ಅಕ್ಕಿ ಮರೆಯಾಗಿ, ಹಿತ್ತಲು ಹಿತ್ತಲಲ್ಲೂ ಮರಗೆಣಸು ಎದ್ದಿತು.

ಅದನ್ನು ಓದುತ್ತಿದ್ದಾಗ ನಮ್ಮ ದೊಡ್ಡಜ್ಜ ನೆನಪಾದರು. ಮೈಸೂರು ಸಂಸ್ಥಾನದ ಪದಾತಿದಳವೂ ಆಗ ಇಲ್ಲಿತ್ತು ಎಂಬುದು ನಮ್ಮಲ್ಲಿ ಎಷ್ಟು ಜನಕ್ಕೆ ಗೊತ್ತೋ. ದೊಡ್ಡಜ್ಜ ಅದರಲ್ಲಿ ಸಿಪಾಯಿ. 1942ರ ಫೆಬ್ರವರಿ 15ರಂದು ಫೋರ್ಡ್ ಕಾರ್ಖಾನೆಯಲ್ಲಿ ಬ್ರಿಟಿಷ್ ಸೇನಾಪತಿ ಪರ್ಸಿವಲ್ ಶರಣಾಗತಿಗೆ ಸಹಿ ಹಾಕಿದ. ಎರಡು ದಿನ ಬಿಟ್ಟು ಫ್ಯಾರರ್ ಪಾರ್ಕಿನಲ್ಲಿ 40,000ದಷ್ಟು ಭಾರತೀಯ ಸೈನಿಕರನ್ನು ಸೇರಿಸಿ ಜಪಾನೀಯರಿಗೆ ಒಪ್ಪಿಸಲಾಯಿತು. ಜಪಾನೀಯರ ಜೊತೆಗೂಡಿ ಬ್ರಿಟಿಷರ ವಿರುದ್ಧ ಮೋಹನ್ ಸಿಂಗ್ ಕಟ್ಟುತ್ತಿದ್ದ ಭಾರತೀಯ ರಾಷ್ಟ್ರೀಯ ಸೇನೆಗೆ ಸೇರುವವರು ಯಾರು ಎಂಬ ಪ್ರಶ್ನೆ ಎದ್ದಿದ್ದು ಆ ಮೈದಾನದಲ್ಲೇ. ದೊಡ್ಡಜ್ಜ ಸೇರಿದರೋ, ಸೆರೆಯಲ್ಲೇ ಉಳಿದರೋ? ಮನೆಯಲ್ಲಿ ಯಾರೂ ಕೇಳಲಿಲ್ಲ. "ಯುದ್ಧಕ್ಕೆ ಹೋಗಿದ್ದರು, ಬಂದರು" ಎನ್ನುವಷ್ಟರಲ್ಲಿ ನಮ್ಮವರ ಇತಿಹಾಸ ಮುಗಿಯುತ್ತದೆ. ತಂತಿಗೆ ಚುಚ್ಚಿ ನೇತುಹಾಕಿದ್ದ ಕಾಗದಗಳು ಹಳೆಯ ಮನೆ ಕೆಡವುವಾಗ ಹಂಡೆಯ ಒಲೆಗೆ ಹೋದವು. ಉಳಿದ ಮಾತು ಒಂದೇ: ಸಾಬಕ್ಕಿ ಪಾಯಸ ಬಂತೆಂದರೆ ದೊಡ್ಡಜ್ಜ ಪಂಕ್ತಿಯಿಂದ ಎದ್ದುಬಿಡುತ್ತಿದ್ದರಂತೆ. ಬಲು ಜಂಬ ಅವರಿಗೆ ಎಂದು ನಗುತ್ತಿದ್ದೆವು. ಸಾಬಕ್ಕಿಯನ್ನು ಮರಗೆಣಸಿನಿಂದ ಮಾಡುತ್ತಾರೆ ಎಂಬುದು ನನಗೆ ಹೊಳೆದದ್ದು ಪತ್ರಾಗಾರದ ಮೇಜಿನ ಮುಂದೆ, ನಲವತ್ತೆರಡನೆಯ ವಯಸ್ಸಿನಲ್ಲಿ.

ಹಾಗೆಂದು ಕೇಳಿ ದಾಖಲಿಸುವ ಇಲ್ಲಿನ ಕ್ರಮವೇ ಸರಿ, ನಮ್ಮದು ಕೆಟ್ಟದ್ದು ಎನ್ನಲಾರೆ. ಜಪಾನೀಯರು ಕಟ್ಟಿಸಿದ ಸಯಾಮ್–ಬರ್ಮಾ ರೈಲುದಾರಿಗೆ ಮಲಯದ ರಬ್ಬರ್ ತೋಟಗಳಿಂದ ಸಾಗಿಸಿದ ತಮಿಳು ಕೂಲಿಗಳು ಸಾವಿರ ಸಾವಿರ ಸತ್ತರು. ಸಿಂಗಪುರದ ಕ್ರಾಂಜಿ ಯುದ್ಧ ಸ್ಮಾರಕದ ಗೋಡೆಗಳಲ್ಲಿ 24,000ಕ್ಕೂ ಹೆಚ್ಚು ಸೈನಿಕರ ಹೆಸರು ಕೊರೆದಿದ್ದಾರೆ. ಆ ಕೂಲಿಗಳಲ್ಲಿ ಬಹುಪಾಲು ಮಂದಿಯ ಹೆಸರೇ ಉಳಿದಿಲ್ಲ. ಕೇಳುವವರು ಬರುವ ಹೊತ್ತಿಗೆ ಹೇಳಬೇಕಾದವರು ಇರಲಿಲ್ಲ. ಅಲ್ಲದೆ ದಾಖಲೆ ಹೆಚ್ಚಾದಷ್ಟೂ ಕಾದಂಬರಿಕಾರ ಗುಮಾಸ್ತನಾಗುತ್ತಾನೆ. ನನ್ನ ಮೊದಲ ಕರಡು ಪಡಿತರ ಕಚೇರಿಯ ಲೆಕ್ಕಪುಸ್ತಕದಂತಿತ್ತು, ಹೆಂಡತಿ ಇಪ್ಪತ್ತು ಪುಟ ಓದಿ ಅಡುಗೆಮನೆಗೆ ಎದ್ದುಹೋದಳು.

ಕೊನೆಗೆ ಇಲ್ಲಿ ಕಲಿತ ಚಿಲ್ಲರೆ ಪ್ರಶ್ನೆಯನ್ನೇ ಊರಿಗೆ ಒಯ್ದೆ. ಹಾಸನದ ಸೋದರತ್ತೆಗೆ ಫೋನ್ ಮಾಡಿ, "ಪಾಯಸ ಬಂದಾಗ ದೊಡ್ಡಜ್ಜ ಎದ್ದು ಎಲ್ಲಿಗೆ ಹೋಗುತ್ತಿದ್ದರು ಅತ್ತೆ?" ಎಂದೆ.

"ಎದ್ದು ಹೋಗುವುದೆಲ್ಲಿ ಬಂತಪ್ಪ?" ಎಂದರು ಅತ್ತೆ. "ದೊಡ್ಡಪ್ಪ ತಮ್ಮ ಪಾಲನ್ನು ಪಕ್ಕದ ಮಗುವಿನ ಎಲೆಗೆ ಬಡಿಸಲು ಹೇಳುತ್ತಿದ್ದರು. ಅದು ಒಂದು ಕಾಳು ಬಿಡದೆ ತಿಂದು ಮುಗಿಸುವವರೆಗೂ ಅಲ್ಲೇ ಕೂತಿರುತ್ತಿದ್ದರು. ಎಷ್ಟೋ ಸಲ ಆ ಮಗು ನಾನೇ."

ಎದ್ದುಬಿಡುತ್ತಿದ್ದರು ಎಂದು ನನಗೆ ಹೇಳಿದವರು ಯಾರು ಎಂದು ಈಗ ಎಷ್ಟು ನೆನೆದರೂ ಹೊಳೆಯುವುದಿಲ್ಲ.